ಟೈರಿನ ವಯಸ್ಸು

ಪದಾರ್ಥಗಳ ಗುಣವನ್ನು ಅವುಗಳ ತೋರಿಕೆಯಿಂದ ನಿರ್ಣಯಿಸುವುದು ಲೋಕದಲ್ಲಿ ರೂಢಿಯಾಗಿ ಬಂದಿರುವ ಪದ್ಧತಿ. ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಶಾಸ್ತ್ರಜ್ಞರು ಇದನ್ನೇ ಸ್ಥಾಲೀಪುಲಾಕನ್ಯಾಯವೆಂದು ಕರೆದರು. ಮನೆವಾರ್ತೆಯ ಬಹುಪಾಲು ವ್ಯವಹಾರಗಳು ಈ ನ್ಯಾಯದ ಬಲದಿಂದಲೇ ನಡೆಯುತ್ತವೆ. ಆದರೆ ಈ ನ್ಯಾಯವು ಸಲ್ಲದ ಕೆಲವು ವಸ್ತುಗಳೂ ಉಂಟು. ಮೋಟಾರುಸೈಕಲ್ಲಿನ ಟೈರು ಅಂಥವುಗಳಲ್ಲಿ ಒಂದು. ಅದರ ಮೇಲಿನ ಗೀರುಗಳು ಆಳವಾಗಿರಬಹುದು, ಮೈ ಕಪ್ಪಗೆ ಮಿಂಚುತ್ತಿರಬಹುದು. ಅಷ್ಟರಿಂದಲೇ ಅದು ಸವಾರನ ಪ್ರಾಣಭಾರವನ್ನು ಹೊರಲು ಯೋಗ್ಯವೆಂದು ಹೇಳಲಾಗದು. ಈ ಸಂಗತಿಯು ಮಲೆನಾಡಿನ ಒಂದು ಸಂಸಾರಕ್ಕೆ ಹೇಗೆ ತಿಳಿದುಬಂದಿತು, ತಿಳಿದ ಬಳಿಕ ಅವರು ಹೊಸ ಟೈರುಗಳನ್ನು ಯಾವ ವಿವೇಚನೆಯಿಂದ ಆರಿಸಿಕೊಂಡರು ಎಂಬುದು ಇಲ್ಲಿಯ ವಿಷಯ.

ತೀರ್ಥಹಳ್ಳಿಗೆ ಸಮೀಪದ ಒಂದು ಹಳ್ಳಿಯಲ್ಲಿ ಅಡಕೆಯ ತೋಟವನ್ನು ಮಾಡಿಸಿಕೊಂಡಿರುವ ಹಿರಿಯ ಗೃಹಸ್ಥರೊಬ್ಬರಿದ್ದಾರೆ. ಅವರ ಒಬ್ಬನೇ ಮಗನು ಶಿವಮೊಗ್ಗೆಯಲ್ಲಿ ಬ್ಯಾಂಕೊಂದರ ನೌಕರಿಯಲ್ಲಿರುವನು. ಸೊಸೆಯ ತವರು ಉಡುಪಿಯ ಕಡೆ. ಹೀಗಾಗಿ ಆ ದಂಪತಿಗಳಿಗೆ ಶಿವಮೊಗ್ಗೆಯಿಂದ ಮಂಡಗದ್ದೆಯ ಮೇಲೆ ತೀರ್ಥಹಳ್ಳಿಗೆ ಸುಮಾರು ೬೦ ಕಿಲೋಮೀಟರು ಬಂದು, ತಂದೆಯ ಮನೆಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಆಗುಂಬೆಯ ಘಾಟಿಯನ್ನಿಳಿದು ಸೋಮೇಶ್ವರ, ಹೆಬ್ರಿಗಳ ದಾರಿಯಾಗಿ ಉಡುಪಿಯನ್ನು ಸೇರುವುದು ವಾಡಿಕೆಯಾಗಿತ್ತು. ಆ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ವರ್ಷಕ್ಕೆ ಸುಮಾರು ೭,೦೦೦ ಮಿಲಿಮೀಟರಿನಷ್ಟು ಮಳೆ ಹೊಯ್ಯುವ ಪ್ರದೇಶವದು. ಮಳೆಗಾಲದಲ್ಲಿ ರಸ್ತೆಯೆಂಬುದು ತೆಳ್ಳಗೆ ಹರಿಯುವ ಹೊಳೆಯೇ ಸರಿ.

೨೦೨೨ನೆಯ ಇಸವಿಯಲ್ಲಿ ಮಗನು ಬೆಂಗಳೂರಿನಲ್ಲಿ ಒಬ್ಬರು ಬಳಸಿದ್ದ ಸಾವಿರ ಸಿ.ಸಿ.ಯ ಮೋಟಾರುಸೈಕಲ್ಲೊಂದನ್ನು ಕೊಂಡು ತಂದನು. ಸ್ಪೋರ್ಟ್ ಟೂರಿಂಗ್ ಎಂದು ಕರೆಯುವ ಜಾತಿಯ ಗಾಡಿ. ಪಂದ್ಯದ ಗಾಡಿಗಳ ಚುರುಕನ್ನೂ ದೂರಪ್ರಯಾಣದ ಗಾಡಿಗಳ ಸೌಕರ್ಯವನ್ನೂ ಒಂದೆಡೆ ಕೂಡಿಸಬೇಕೆಂಬ ಉದ್ದೇಶದಿಂದ ಈ ಜಾತಿಯು ಹುಟ್ಟಿದೆ. ಹಿಂದೆ ಕುಳಿತವರಿಗೆ ಸಾಕಷ್ಟು ಅಗಲವಾದ ಆಸನ, ಎರಡು ಪಕ್ಕದಲ್ಲಿಯೂ ಬಟ್ಟೆಬರೆಯ ಪೆಟ್ಟಿಗೆ, ಎದುರುಗಾಳಿಯನ್ನು ತಡೆಯಲು ಮುಂದೊಂದು ಗಾಜು, ಇವೆಲ್ಲ ಅದಕ್ಕಿದ್ದವು. ೨೦೧೭ರ ಗಾಡಿಯಾದರೂ ಹೆಚ್ಚು ಓಡಿದ್ದಲ್ಲ. ಮೈಮೇಲೆ ಒಂದು ಗೀಚೂ ಇರಲಿಲ್ಲ. ಹಳ್ಳಿಯವರೆಲ್ಲ ಬಂದು ಸುತ್ತು ಹಾಕಿ ನೋಡಿ ಹೋದರು. ಸೊಸೆಯೂ ಸಂತೋಷದಿಂದಲೇ ಹಿಂದೆ ಕುಳಿತು ತವರಿಗೆ ಹೋಗಿ ಬರುತ್ತಿದ್ದಳು.

ಹೀಗೆ ಎರಡು ವರ್ಷಗಳು ಕಳೆದುವು. ೨೦೨೪ರ ಜೂನ್ ತಿಂಗಳಲ್ಲಿ, ಮಳೆ ಹಿಡಿದು ಕೆಲವೇ ದಿನಗಳಾಗಿದ್ದಾಗ, ದಂಪತಿಗಳು ಘಾಟಿಯನ್ನಿಳಿಯುತ್ತಿದ್ದರು. ವೇಗವು ಗಂಟೆಗೆ ೩೦ ಕಿಲೋಮೀಟರನ್ನು ಮೀರಿರಲಿಲ್ಲ. ಒಂದು ತಿರುವಿನಲ್ಲಿ ಗಾಡಿಯನ್ನು ಸ್ವಲ್ಪ ವಾಲಿಸಿದೊಡನೆಯೇ ಹಿಂದಿನ ಚಕ್ರವು ಯಾವ ಸೂಚನೆಯನ್ನೂ ಕೊಡದೆ ಪಕ್ಕಕ್ಕೆ ಜಾರಿತು. ಇಬ್ಬರೂ ಬಿದ್ದರು. ಎದುರಿನಿಂದ ವಾಹನವೊಂದೂ ಬರುತ್ತಿರದಿದ್ದುದು ದೈವಾನುಗ್ರಹ. ಮಗನಿಗೆ ಮೊಣಕಾಲು ತರಚಿತು. ಸೊಸೆಗೆ ಬಲಗೈಯ ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪಟ್ಟಿ ಹಾಕಿಸಬೇಕಾಯಿತು.

ಅಪಘಾತವಾದ ಮನೆಯಲ್ಲಿ ಕಾರಣಗಳಿಗೆ ಬರವಿರುವುದಿಲ್ಲ. ನೋಡಲು ಬಂದವರಲ್ಲಿ ಒಬ್ಬರು ರಸ್ತೆಯ ಪಾಚಿಯೆಂದರು, ಇನ್ನೊಬ್ಬರು ಯಾವುದೋ ಲಾರಿಯಿಂದ ಸುರಿದ ಎಣ್ಣೆಯೆಂದರು, ಮತ್ತೊಬ್ಬರು ಹೊರಟ ವೇಳೆಯು ರಾಹುಕಾಲವಾಗಿತ್ತೆಂದು ಪಂಚಾಂಗವನ್ನು ತಿರುವಿ ತೋರಿಸಿದರು. ಟೈರಿನ ಮೇಲೆ ಮಾತ್ರ ಯಾರ ಸಂಶಯವೂ ಹೋಗಲಿಲ್ಲ. ಅಂಗಡಿಯವರು ಗ್ರಿಪ್ಪು ಎನ್ನುವ ಗೀರುಗಳು ಅರ್ಧಕ್ಕಿಂತ ಹೆಚ್ಚಾಗಿಯೇ ಉಳಿದಿದ್ದುವು. ಸವೆತದ ಮಿತಿಯನ್ನು ತೋರಿಸಲು ಗೀರುಗಳ ತಳದಲ್ಲಿ ಸುಮಾರು ೦.೮ ಮಿಲಿಮೀಟರು ಎತ್ತರದ ಚಿಕ್ಕ ದಿಬ್ಬಗಳನ್ನು ತಯಾರಕರೇ ಇಟ್ಟಿರುತ್ತಾರೆ. ರಬ್ಬರು ಸವೆದು ಆ ದಿಬ್ಬಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ತೀರಿತೆಂದು ಅರ್ಥ. ಈ ಟೈರು ಆ ಮಟ್ಟಕ್ಕೆ ಇನ್ನೂ ಬಹಳ ಮೇಲಿದ್ದಿತು.

ತೋಟದ ಹಿರಿಯರು ಮೋಟಾರುಸೈಕಲ್ಲನ್ನು ಬಲ್ಲವರಲ್ಲ. ಎತ್ತಿನ ಗಾಡಿಯ ಕಾಲದವರು. ಚಕ್ರಕ್ಕೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ತೊಡಿಸುವುದನ್ನು ಚಿಕ್ಕಂದಿನಲ್ಲಿ ಕುಳಿತು ನೋಡಿದವರು. ಒಂದು ಸಾಯಂಕಾಲ ಮಳೆ ಹೊಳವಾದಾಗ ಅವರು ಕೊಟ್ಟಿಗೆಗೆ ಹೋಗಿ ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹಿಂದಿನ ಟೈರನ್ನು ಉಗುರಿನಿಂದ ಒತ್ತಿ ನೋಡಿದರು. ಉಗುರು ಇಳಿಯಲಿಲ್ಲ. ಮಗನನ್ನು ಕರೆದು ಕೇಳಿದರು:

“ಮಗು, ತೋಟಕ್ಕೆ ತರುವ ಔಷಧದ ಡಬ್ಬಿಯ ಮೇಲೆ ತಯಾರಾದ ದಿನ ಬರೆದಿರುತ್ತದೆ. ಅವಧಿ ಮೀರಿದ ಔಷಧ ಹೊಡೆದರೆ ಕೊಳೆರೋಗ ನಿಲ್ಲುವುದಿಲ್ಲ. ಇದರ ಮೇಲೆ ಅಂಥದೇನೂ ಬರೆದಿಲ್ಲವೆ?”

ಮಗನು ಕೂಡಲೆ ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ, ಟೈರಿನ ಪಕ್ಕೆಯ ಮೇಲಿದ್ದ ಒಂದು ಚಿಕ್ಕ ಅಂಡಾಕಾರದ ಚೌಕಟ್ಟನ್ನು ಒರಸಿ ಬೆರಳಿಟ್ಟು ತೋರಿಸಿದನು. ಅದರಲ್ಲಿ ೪೨೧೬ ಎಂಬ ನಾಲ್ಕು ಅಂಕಿಗಳಿದ್ದುವು. ಮೊದಲಿನೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ೨೦೦೦ನೆಯ ಇಸವಿಯಿಂದೀಚೆಗೆ ನಡೆದುಬಂದಿರುವ ಗುರುತು ಇದು. ಎಂದರೆ ಆ ಟೈರು ತಯಾರಾದುದು ೨೦೧೬ರ ನಲವತ್ತೆರಡನೆಯ ವಾರದಲ್ಲಿ, ಅಕ್ಟೋಬರ್ ತಿಂಗಳಲ್ಲಿ. ಬಿದ್ದ ದಿನ ಅದಕ್ಕೆ ಎಂಟನೆಯ ವರ್ಷ ನಡೆಯುತ್ತಿತ್ತು.

ಸೊಸೆಯು ಕಟ್ಟು ಹಾಕಿದ ಕೈಯನ್ನು ಕೊರಳಿಗೆ ತೂಗಿಸಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಕೇಳಿದಳು: “ಇದು ನಿಮಗೆ ಮೊದಲೇ ಗೊತ್ತಿತ್ತೆ?”

“ಗೊತ್ತಿತ್ತು” ಎಂದನು ಮಗ.

ಗಾಡಿಯನ್ನು ಕೊಳ್ಳುವ ದಿನವೇ ಅವನು ಆ ಅಂಕಿಗಳನ್ನು ಓದಿದ್ದನು. ಆದರೆ ಕೂಡಿಟ್ಟಿದ್ದ ಹಣವೆಲ್ಲ ಗಾಡಿಯ ಬೆಲೆಗೇ ಹೋಗಿದ್ದಿತು. ಆ ಅಳತೆಯ ಒಳ್ಳೆಯ ಟೈರುಗಳ ಜೋಡಿಗೆ ಮೂವತ್ತು ಸಾವಿರಕ್ಕೂ ಮಿಕ್ಕಿ ಬೆಲೆಯಾಗುತ್ತದೆ. ಗೀರುಗಳಂತೂ ಚೆನ್ನಾಗಿಯೇ ಇವೆ, ಒಂದು ಮಳೆಗಾಲ ಕಳೆಯಲಿ ಎಂದುಕೊಂಡನು. ಒಂದು ಕಳೆಯಿತು, ಎರಡು ಕಳೆದುವು; ಏನೂ ಆಗದಿದ್ದುದರಿಂದ ಮುಂದೆಯೂ ಏನೂ ಆಗಲಾರದೆಂಬ ನಂಬಿಕೆ ಬೆಳೆಯಿತು. ಹಿಂದಿನ ಆಸನದಲ್ಲಿ ಕುಳಿತುಕೊಳ್ಳುವವಳಿಗೆ ಈ ಲೆಕ್ಕಾಚಾರವನ್ನು ಅವನು ಒಮ್ಮೆಯೂ ತಿಳಿಸಿರಲಿಲ್ಲ. ಸೊಸೆ ಮಾತನಾಡದೆ ಒಳಗೆ ಹೋದಳು. ಆ ವರ್ಷದ ನಾಗರ ಪಂಚಮಿಗೆ ಅವಳು ತವರಿಗೆ ಬಸ್ಸಿನಲ್ಲಿ ಹೋಗಿ ಬಂದಳು.

ಇಲ್ಲಿ ರಬ್ಬರಿನ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು. ಮರದಿಂದ ಇಳಿಸಿದ ರಬ್ಬರು ಬಿಸಿಲಿಗೆ ಅಂಟಾಗುವುದು, ಚಳಿಗೆ ಬಿರುಸಾಗುವುದು. ಗಂಧಕವನ್ನು ಬೆರಸಿ ಕಾಯಿಸಿದರೆ ಈ ದೋಷವು ಪರಿಹಾರವಾಗುವುದೆಂದು ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡನು. ಗಂಧಕವು ರಬ್ಬರಿನ ಉದ್ದುದ್ದವಾದ ಎಳೆಗಳನ್ನು ಅಲ್ಲಲ್ಲಿ ಒಂದಕ್ಕೊಂದು ಹೆಣೆಯುವುದರಿಂದ ಅದಕ್ಕೆ ಎಳೆದರೆ ಹಿಗ್ಗುವ, ಬಿಟ್ಟರೆ ಹಿಂದಿನಂತಾಗುವ ಶಕ್ತಿಯುಂಟಾಗುತ್ತದೆ. ಆದರೆ ಕಾರ್ಖಾನೆಯಿಂದ ಹೊರಗೆ ಬಂದ ಮೇಲೂ ಬದಲಾವಣೆಯು ನಿಲ್ಲುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕ, ಓಝೋನು, ಬಿಸಿಲು, ಶಾಖ ಇವುಗಳ ಸಹವಾಸದಿಂದ ಹೆಣಿಗೆಯು ಹೆಚ್ಚುತ್ತಲೋ ಕಡಿಯುತ್ತಲೋ ಹೋಗಿ ರಬ್ಬರು ಮೆಲ್ಲಮೆಲ್ಲನೆ ಬಿರುಸಾಗುತ್ತದೆ. ಇದನ್ನು ತಡೆಯಲು ತಯಾರಕರು ರಬ್ಬರಿನೊಳಗೆ ಕೆಲವು ರಕ್ಷಕ ದ್ರವ್ಯಗಳನ್ನು ಸೇರಿಸಿರುತ್ತಾರೆ. ಟೈರು ಓಡುತ್ತ ಬಾಗಿ ಬಳುಕುತ್ತಿದ್ದರೆ ಅವು ಮೇಲ್ಮೈಗೆ ಬಂದು ಕಾಪಾಡುತ್ತವೆ. ಆದಕಾರಣ ಕದಲದೆ ನಿಂತ ಗಾಡಿಯ ಟೈರಿಗೆ ಮುಪ್ಪು ತಪ್ಪಿತೆಂದು ಭಾವಿಸಲಾಗದು. ಕಡಮೆ ಓಡಿದೆಯೆಂಬುದು ಎಂಜಿನ್ನಿಗೆ ಪ್ರಶಂಸೆಯಾಗಬಹುದು; ಟೈರಿಗಾದರೆ ಅಲ್ಲ. ಐದು ವರ್ಷಗಳಾದ ಮೇಲೆ ಪ್ರತಿವರ್ಷವೂ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕೆಂದೂ, ಹತ್ತು ವರ್ಷವಾದರೆ ಎಷ್ಟೇ ಚೆನ್ನಾಗಿ ಕಂಡರೂ ತೆಗೆದುಹಾಕಬೇಕೆಂದೂ ಹಲವು ತಯಾರಕರು ಹೇಳುತ್ತಾರೆ. ಮಳೆಯ ಘಾಟಿಯು ಹತ್ತು ವರ್ಷದವರೆಗೆ ಕಾಯುವಂಥ ಪರೀಕ್ಷಕನಲ್ಲ.

ಗೀರುಗಳು ಅಷ್ಟು ಆಳವಾಗಿದ್ದೂ ಏಕೆ ಜಾರಿತು ಎಂಬ ಪ್ರಶ್ನೆಗೂ ಉತ್ತರವು ಇದರಲ್ಲಿಯೇ ಇದೆ. ಗೀರುಗಳ ಕೆಲಸವು ಟೈರಿನ ಕೆಳಗಿನ ನೀರನ್ನು ಹೊರಕ್ಕೆ ಸಾಗಿಸುವುದು. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಈ ಕೆಲಸವು ಅತ್ಯಂತ ಮುಖ್ಯವಾದುದು. ಆದರೆ ಘಾಟಿಯ ತಿರುವಿನಲ್ಲಿ ಮೂವತ್ತರ ವೇಗದಲ್ಲಿ ಹೋಗುವಾಗ ನೀರು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಒದ್ದೆಯಾದ ಕಲ್ಲು ಜಲ್ಲಿಯ ಸೂಕ್ಷ್ಮವಾದ ಏರುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳಬಲ್ಲ ರಬ್ಬರಿನ ಮೃದುತ್ವ. ಅದೇ ಆ ಟೈರಿನಲ್ಲಿ ಹೋಗಿಬಿಟ್ಟಿದ್ದಿತು. ಗಾಡಿ, ಇಬ್ಬರು ಮನುಷ್ಯರು, ಸಾಮಾನು ಎಲ್ಲ ಸೇರಿ ಸುಮಾರು ನಾನೂರು ಕಿಲೋಗ್ರಾಮಿನ ಭಾರವು ನೆಲವನ್ನು ಮುಟ್ಟುವುದು ಒಂದೊಂದು ಚಕ್ರದಲ್ಲಿ ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಆ ಅಂಗೈಯಗಲದ ರಬ್ಬರು ಕಲ್ಲಾದರೆ ಮಿಕ್ಕ ಸಾಧನಗಳೆಲ್ಲ ಇದ್ದೂ ಇಲ್ಲದಂತೆಯೇ.

ಹೊಸದನ್ನು ಆರಿಸುವ ಮೊದಲು ತಂದೆಮಕ್ಕಳು ಹಳೆಯದನ್ನು ಮತ್ತೊಮ್ಮೆ ಪರಿಶೀಲಿಸಿದರು. ಟೈರು ಸವಾರನ ನಡತೆಯನ್ನು ಮುಚ್ಚುಮರೆಯಿಲ್ಲದೆ ಬರೆದಿಡುವ ಕಡತವಿದ್ದಂತೆ. ನಡುಭಾಗವು ದುಂಡಗಿರುವುದನ್ನು ಬಿಟ್ಟು ಸ್ವಲ್ಪ ಚಪ್ಪಟೆಯಾಗಿತ್ತು. ಅಂದರೆ ಅದು ಓಡಿದುದೆಲ್ಲ ಹೆಚ್ಚಾಗಿ ನೆಟ್ಟನೆಯ ದಾರಿಯಲ್ಲಿ. ಎರಡು ಅಂಚುಗಳಲ್ಲಿಯೂ ಎರಡು ಬೆರಳಿನಗಲ ರಬ್ಬರು ನೆಲವನ್ನೇ ಮುಟ್ಟಿರಲಿಲ್ಲ. ಅಂದರೆ ಸವಾರನು ಗಾಡಿಯನ್ನು ಪಂದ್ಯದವರಂತೆ ವಾಲಿಸಿದುದು ಒಮ್ಮೆಯೂ ಇಲ್ಲ. ಮಗನ ಸ್ನೇಹಿತರಲ್ಲಿ ಈ ಮುಟ್ಟದ ಅಂಚು ಒಂದು ನಗೆಗೀಡಾದ ವಿಷಯ. ಅಂಚಿನವರೆಗೂ ಸವೆಸಿದವನೇ ಗಟ್ಟಿಗನೆಂಬುದು ಅವರ ಮತ. ಇದರಿಂದಲೇ ಮಗನಿಗೆ ಪಂದ್ಯದ ಗಾಡಿಗಳಿಗೆ ಹಾಕುವ ಮೆತ್ತನೆಯ ಸ್ಪೋರ್ಟ್ ಟೈರನ್ನು ಹಾಕಿಸಬೇಕೆಂಬ ಆಸೆ ಹುಟ್ಟಿದ್ದಿತು.

ತಂದೆಯವರು ಕೇಳಿದುದು ಒಂದೇ ಪ್ರಶ್ನೆ: “ಆ ಟೈರು ಯಾವಾಗ ಚೆನ್ನಾಗಿ ಹಿಡಿಯುತ್ತದೆ?”

“ಬಿಸಿಯಾದಾಗ, ಅಪ್ಪಯ್ಯ.”

“ಆಗುಂಬೆಯ ಮಳೆಯಲ್ಲಿ ಅದು ಬಿಸಿಯಾಗುವುದು ಎಂದಿಗೆ?”

ಈ ಪ್ರಶ್ನೆಯಿಂದ ಅರ್ಧ ವಿಚಾರವು ಮುಗಿಯಿತೆನ್ನಬಹುದು. ಪಂದ್ಯದ ಕಡೆಗೆ ಒಲಿದ ಟೈರುಗಳ ರಬ್ಬರು ತನ್ನ ಪೂರ್ಣಗುಣವನ್ನು ತೋರಿಸುವುದು ಹೆಚ್ಚಾದ ಶಾಖದಲ್ಲಿ. ಅಷ್ಟು ಶಾಖವು ಬರಬೇಕಾದರೆ ಅಷ್ಟು ಬಿರುಸಾದ ಸವಾರಿಯೂ ಬೇಕು. ಅವು ಬೇಗನೆ ಸವೆಯುವುದೂ ಉಂಟು. ಇನ್ನೊಂದು ಕೊನೆಯಲ್ಲಿ ಕೇವಲ ದೂರಪ್ರಯಾಣಕ್ಕಾಗಿ ಮಾಡಿದ ಗಟ್ಟಿಯಾದ ಟೈರುಗಳಿವೆ. ಅವು ಬಹುಕಾಲ ಬಾಳುತ್ತವೆ, ಆದರೆ ತಿರುವುಗಳಲ್ಲಿ ಅಷ್ಟಾಗಿ ಹಿಡಿಯಲಾರವು. ಇವೆರಡರ ನಡುವಿನದೇ ಸ್ಪೋರ್ಟ್ ಟೂರಿಂಗ್ ಟೈರು. ಅದರ ಹಿಂದಿನ ಟೈರಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ರಬ್ಬರನ್ನು ಹೊಂದಿಸಿರುತ್ತಾರೆ: ನೆಟ್ಟನೆಯ ದಾರಿಯಲ್ಲಿ ಸವೆಯುವ ನಡುಭಾಗಕ್ಕೆ ಗಟ್ಟಿಯಾದುದು, ವಾಲಿದಾಗ ನೆಲಕ್ಕೆ ತಾಗುವ ಪಕ್ಕಗಳಿಗೆ ಮೆತ್ತನೆಯದು. ಇದರ ಜೊತೆಗೆ ಸಿಲಿಕವೆಂಬ ಮರಳಿನ ಜಾತಿಯ ದ್ರವ್ಯವನ್ನು ರಬ್ಬರಿನಲ್ಲಿ ವಿಶೇಷವಾಗಿ ಬೆರಸಿರುವುದರಿಂದ ತಂಪಾದ ಒದ್ದೆ ನೆಲದಲ್ಲಿಯೂ ಅದು ಹಿಡಿತವನ್ನು ಬಿಡುವುದಿಲ್ಲ. ಮಿಶೆಲಿನ್ ಸಂಸ್ಥೆಯ ರೋಡ್ ೬, ಪಿರೆಲಿಯ ಏಂಜೆಲ್ ಜಿ.ಟಿ. ೨, ಬ್ರಿಜ್‌ಸ್ಟೋನಿನ ಟಿ ೩೨, ಮೆಟ್ಸೆಲರ್ ಸಂಸ್ಥೆಯ ರೋಡ್‌ಟೆಕ್ ೦೧, ಡನ್‌ಲಪ್ಪಿನ ರೋಡ್‌ಸ್ಮಾರ್ಟ್ ೪ ಮೊದಲಾದುವೆಲ್ಲ ಈ ವರ್ಗಕ್ಕೆ ಸೇರಿದುವು.

ಬಾಳಿಕೆಯ ವಿಷಯದಲ್ಲಿ ತೋಟದ ಲೆಕ್ಕ ಬರೆಯುವ ಹಿರಿಯರು ಒಂದು ಚಿಕ್ಕ ಲೆಕ್ಕವನ್ನು ಹಾಕಿದರು. ಮಗನ ಸವಾರಿಯು ವರ್ಷಕ್ಕೆ ಹೆಚ್ಚೆಂದರೆ ೪,೦೦೦ ಕಿಲೋಮೀಟರು. ಹಿಂದಿನ ಟೈರು ೧೨,೦೦೦ ಕಿಲೋಮೀಟರು ಬಾಳಿದರೆ ಮೂರು ವರ್ಷಕ್ಕೆ ಸಾಕಾಯಿತು. ಇಪ್ಪತ್ತು ಸಾವಿರ ಬಾಳುವ ಟೈರನ್ನೇ ತಂದರೂ ಅಷ್ಟು ಓಡಿಸುವಷ್ಟರಲ್ಲಿ ಐದು ವರ್ಷಗಳಾಗಿ ಅದರ ಸಾರವು ಇಳಿಯತೊಡಗಿರುತ್ತದೆ. ನಿತ್ಯವೂ ನೂರಾರು ಕಿಲೋಮೀಟರು ಓಡಿಸುವವನಿಗೆ ಬಾಳಿಕೆಯು ಲಾಭ; ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಹೊರಗೆ ತೆಗೆಯುವವನಿಗೆ ಅದು ಕಾಗದದ ಮೇಲಿನ ಲಾಭ. ಆದುದರಿಂದ ಆ ಸಂಸಾರಕ್ಕೆ ಬೇಕಾದುದು ಅತಿ ವೇಗದ ಟೈರೂ ಅಲ್ಲ, ಅತಿ ದೀರ್ಘಾಯುವಾದ ಟೈರೂ ಅಲ್ಲ. ಮಳೆಯಲ್ಲಿ ಹಿಡಿಯುವ, ಈಚೆಗೆ ತಯಾರಾದ ಟೈರು.

ಸ್ನೇಹಿತರು ಇನ್ನೂ ಕೆಲವು ಸಲಹೆಗಳನ್ನು ಕೊಟ್ಟಿದ್ದರು. ಹಿಂದಿನದು ಮಾತ್ರವೇ ಜಾರಿತಷ್ಟೆ, ಅದೊಂದನ್ನೇ ಬದಲಾಯಿಸಿದರೆ ಸಾಕು ಎಂದು ಒಬ್ಬನು. ಆದರೆ ಮುಂದಿನದರ ವಯಸ್ಸೂ ಅಷ್ಟೇ. ಹಿಂದಿನ ಚಕ್ರವು ಜಾರಿದರೆ ಸಾವರಿಸಿಕೊಳ್ಳುವ ಅವಕಾಶವು ಅಪರೂಪಕ್ಕಾದರೂ ಉಂಟು, ಮುಂದಿನದು ಜಾರಿದರೆ ಬಹುಮಟ್ಟಿಗೆ ಇಲ್ಲ. ಪಂದ್ಯದ ಪಥದಲ್ಲಿ ಒಂದೆರಡು ದಿನ ಮಾತ್ರ ಓಡಿಸಿ ಕಳಚಿದ ಟೈರುಗಳು ಅಗ್ಗವಾಗಿ ಸಿಕ್ಕುವುವೆಂದು ಇನ್ನೊಬ್ಬನು. ಅವು ಎಷ್ಟು ಸಾರಿ ಕಾದು ಆರಿದುವೆಂಬುದನ್ನು ಹೇಳುವ ಅಂಕಿಗಳು ಯಾವ ಟೈರಿನ ಮೇಲೆಯೂ ಇಲ್ಲ. ಸ್ವಲ್ಪ ಎತ್ತರದ ಅಳತೆಯನ್ನು ಹಾಕಿಸಿದರೆ ಗಾಡಿಯು ನೋಡಲು ಚೆನ್ನಾಗಿರುವುದೆಂದು ಮೂರನೆಯವನು. ಇದಕ್ಕೆ ಟೈರಿನ ಪಕ್ಕೆಯ ಬರೆಹವೇ ಉತ್ತರ ಕೊಡುತ್ತದೆ. ಮುಂದಿನ ಟೈರಿನ ಮೇಲೆ ೧೨೦/೭೦ ಝಡ್ ಆರ್ ೧೭ ಎಂದೂ ಹಿಂದಿನದರ ಮೇಲೆ ೧೯೦/೫೦ ಝಡ್ ಆರ್ ೧೭ ಎಂದೂ ಇದ್ದಿತು. ಮೊದಲಿನದು ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಆ ಅಗಲದ ನೂರರಲ್ಲಿ ಎಷ್ಟು ಪಾಲು ಎತ್ತರವೆಂಬುದು. ಕೊನೆಯದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. ಆರ್ ಎಂಬುದು ಒಳಗಿನ ಎಳೆಗಳನ್ನು ಹೊಂದಿಸಿರುವ ರೇಡಿಯಲ್ ಎಂಬ ಕ್ರಮದ ಗುರುತು. ಪಕ್ಕದಲ್ಲಿ ೫೮ ಎಂದಿದ್ದರೆ ೨೩೬ ಕಿಲೋಗ್ರಾಮು, ೭೩ ಎಂದಿದ್ದರೆ ೩೬೫ ಕಿಲೋಗ್ರಾಮು ಭಾರಕ್ಕೆ ಸಮರ್ಥವೆಂದರ್ಥ. ಡಬ್ಲ್ಯು ಎಂಬ ಅಕ್ಷರವು ಗಂಟೆಗೆ ೨೭೦ ಕಿಲೋಮೀಟರು ವೇಗವನ್ನು ತಡೆಯಬಲ್ಲುದೆಂದು ಹೇಳುತ್ತದೆ. ಗಾಡಿಯನ್ನು ರಚಿಸಿದವರು ಈ ಅಂಕಿಗಳನ್ನು ಲೆಕ್ಕಹಾಕಿಯೇ ಗೊತ್ತುಮಾಡಿರುವರು. ಅಂದಕ್ಕಾಗಿ ಅವನ್ನು ಬದಲಿಸುವುದು ಬೇರೊಬ್ಬರ ಕಾಲಿನ ಅಳತೆಗೆ ಹೊಲಿದ ಜೋಡನ್ನು ಮೆಟ್ಟಿದಂತೆ.

ದೀಪಾವಳಿಯ ಬೋನಸ್ಸು ಬಂದ ಮೇಲೆ ಮಗನು ಎರಡು ಚಕ್ರಗಳನ್ನೂ ಕಳಚಿಸಿ ಗೋಣಿಯಲ್ಲಿ ಸುತ್ತಿ ಬೆಂಗಳೂರಿಗೆ ಹೊರಟನು. “ಹೊಸದನ್ನು ತರುವ ದಿನ ನಾನೂ ಬರುತ್ತೇನೆ” ಎಂದು ಹೇಳಿದ್ದ ತಂದೆಯವರೂ ಹೊರಟರು. ಅಂಗಡಿಯವನು ಮೊದಲು ಒಂದು ಜೋಡಿಯನ್ನು ತಂದಿಟ್ಟು ಬೆಲೆಯಲ್ಲಿ ಗಣನೀಯವಾದ ರಿಯಾಯಿತಿಯನ್ನು ಹೇಳಿದನು. ಹಿರಿಯರು ಕನ್ನಡಕವನ್ನೇರಿಸಿಕೊಂಡು ಟೈರನ್ನು ನಿಧಾನವಾಗಿ ತಿರುಗಿಸಿ ಆ ಅಂಡಾಕಾರದ ಚೌಕಟ್ಟನ್ನು ಹುಡುಕಿದರು. ತಯಾರಾಗಿ ಮೂರು ವರ್ಷಗಳಾಗಿದ್ದುವು. ನೆರಳಿನಲ್ಲಿ ತಂಪಾಗಿ ಇಟ್ಟ ಟೈರು ಒಂದೆರಡು ವರ್ಷ ಹಳೆಯದಾದರೆ ಅದನ್ನು ದೋಷವೆನ್ನಲಾಗದೆಂದು ಅಂಗಡಿಯವನು ಹೇಳಿದುದು ಸುಳ್ಳಲ್ಲ. ಆದರೆ ಇವರದು ಕಡಮೆ ಓಡುವ ಗಾಡಿ. ಟೈರು ಸವೆದು ಸಾಯುವುದಕ್ಕಿಂತ ಮೊದಲು ಮುಪ್ಪಿನಿಂದ ಸಾಯುವ ಮನೆ. ಅಲ್ಲಿ ಒಂದೊಂದು ವರ್ಷವೂ ಬೆಲೆಯುಳ್ಳದ್ದು. ಹಿರಿಯರು ತಲೆಯಾಡಿಸಿದರು. ಎರಡನೆಯ ಜೋಡಿಯು ಏಂಜೆಲ್ ಜಿ.ಟಿ. ೨, ನಡುವೆ ಉದ್ದಕ್ಕೆ ಎರಡು ಸಮಾನಾಂತರವಾದ ಕಾಲುವೆಗಳಿದ್ದ ಟೈರು. ಅದರ ಅಂಕಿಗಳು ೩೧೨೪. ನಾಲ್ಕು ತಿಂಗಳೂ ತುಂಬಿರಲಿಲ್ಲ. ರಿಯಾಯಿತಿ ಏನೂ ಇರಲಿಲ್ಲ. ಮಗನು ಹಣವನ್ನು ಎಣಿಸಿಕೊಟ್ಟನು.

ಗಾಳಿ ತುಂಬಿದ ಟೈರಿನ ಚರಿತ್ರೆಯಲ್ಲಿಯೂ ಒಬ್ಬ ತಂದೆಯ ಸಂಗತಿ ಬರುವುದುಂಟು. ೧೮೮೮ರಲ್ಲಿ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಪಶುವೈದ್ಯನಾಗಿದ್ದ ಸ್ಕಾಟ್ಲೆಂಡಿನ ಜಾನ್ ಬಾಯ್ಡ್ ಡನ್‌ಲಪ್ ಎಂಬುವನು ತನ್ನ ಮಗನ ಮೂರು ಚಕ್ರದ ಸೈಕಲ್ಲು ಒರಟು ಬೀದಿಗಳಲ್ಲಿ ಕುಲುಕದಿರಲೆಂದು ರಬ್ಬರಿನ ನಾಳದಲ್ಲಿ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದನು. ಅದಕ್ಕೆ ಹಕ್ಕುಪತ್ರವನ್ನೂ ಪಡೆದನು. ಇದಕ್ಕೆ ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, ೧೮೪೫ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಮತ್ತೊಬ್ಬ ಸ್ಕಾಟ್ಲೆಂಡಿನವನು ಇದೇ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದನಾದರೂ ಲೋಕವು ಅದನ್ನು ಮರೆತಿದ್ದಿತು. ಕೊನೆಗೆ ಡನ್‌ಲಪ್ಪನ ಹಕ್ಕು ನಿಲ್ಲಲಿಲ್ಲ. ಅವನ ಟೈರು ನಿಂತಿತು. ಇಂದು ಗಂಟೆಗೆ ೨೭೦ ಕಿಲೋಮೀಟರು ವೇಗವನ್ನು ತಡೆಯುವ ಟೈರಿನ ಮೂಲವು ಪಂದ್ಯದ ಉತ್ಸಾಹದಲ್ಲಿಲ್ಲ, ಮಗುವೊಂದು ಸುಖವಾಗಿ ಸವಾರಿ ಮಾಡಲೆಂಬ ಆಸೆಯಲ್ಲಿದೆಯೆಂಬುದು ನೆನಪಿನಲ್ಲಿಡತಕ್ಕ ವಿಷಯ.

ಟೈರು ಹಾಕಿಸಿದಲ್ಲಿಗೆ ಕೆಲಸವು ಮುಗಿಯುವುದಿಲ್ಲ. ಪಕ್ಕೆಯ ಮೇಲಿನ ಬಾಣದ ಗುರುತು ಚಕ್ರವು ತಿರುಗುವ ದಿಕ್ಕನ್ನು ತೋರಿಸುತ್ತಿದೆಯೇ ಎಂದು ನೋಡಬೇಕು. ಗಾಳಿಯ ವಾಲ್ವನ್ನು ಹೊಸದಾಗಿ ಹಾಕಿಸಬೇಕು. ಚಕ್ರವನ್ನು ತೂಗಿ, ಹಗುರವಾದ ಕಡೆಗೆ ಚಿಕ್ಕ ತುಣುಕುಗಳನ್ನು ಅಂಟಿಸಿ ಸಮತೂಕಕ್ಕೆ ತರಬೇಕು. ಹೊಸ ಟೈರಿನ ಮೈ ನುಣುಪಾಗಿರುವುದರಿಂದ ಮೊದಲ ನೂರೈವತ್ತು ಕಿಲೋಮೀಟರಿನವರೆಗೆ ಹದವಾಗಿ ಓಡಿಸಿ ಪಳಗಿಸಬೇಕು. ಹೊಳಪು ಬರಲೆಂದು ಕೆಲವರು ಬಳಿಯುವ ಎಣ್ಣೆಯನ್ನಂತೂ ನೆಲ ಮುಟ್ಟುವ ಭಾಗದ ಹತ್ತಿರಕ್ಕೂ ತರಬಾರದು. ಗಾಳಿಯನ್ನು ಬೆಳಗ್ಗೆ ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಓಡಿದ ಮೇಲೆ ಕಾದ ಗಾಳಿಯು ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ಈ ಜಾತಿಯ ದೊಡ್ಡ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ ೩೬, ಹಿಂದೆ ೪೨ ಪೌಂಡು. ಆದರೂ ಆಯಾ ಗಾಡಿಯ ಪುಸ್ತಕದಲ್ಲಿ ಹೇಳಿರುವುದೇ ಪ್ರಮಾಣ. ಮಗನು ಒಂದು ಗೇಜನ್ನು ಕೊಂಡು ತಂದು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದನು. ಅದರ ಪಕ್ಕದಲ್ಲಿ ಒಂದು ಚಿಕ್ಕ ಪುಸ್ತಕ. ಅದರಲ್ಲಿ ತಾರೀಖು, ಗಾಳಿ, ಓಡಿದ ದೂರ. ಆ ಚಳಿಗಾಲವೂ ಬೇಸಿಗೆಯೂ ಅವನು ಒಬ್ಬನೇ ಹೋಗಿ ಬರುತ್ತಿದ್ದನು. ಹಿಂದೆ ಕುಳಿತುಕೊಳ್ಳೆಂದು ಹೆಂಡತಿಗೆ ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಆದರೆ ಗೂಟದ ಬಳಿಯ ಪುಸ್ತಕವನ್ನು ಅವಳು ಆಗಾಗ್ಗೆ ತೆರೆದು ನೋಡುತ್ತಿದ್ದುದನ್ನು ಅತ್ತೆಯವರು ಕಂಡಿದ್ದರು.

೨೦೨೫ರ ಜುಲೈ ತಿಂಗಳ ಕೊನೆಗೆ ನಾಗರ ಪಂಚಮಿ ಬಂದಿತು. ಹಬ್ಬಕ್ಕೆ ತವರಿಗೆ ಹೊರಡ ಬೇಕಾದ ದಿನ ಬೆಳಗ್ಗೆ ಮಗನು ವಾಡಿಕೆಯಂತೆ ಗಾಳಿಯನ್ನು ಅಳೆದು ಬರೆದಿಟ್ಟು, ಹೆಂಡತಿಯನ್ನು ಬಸ್ಸಿಗೆ ಬಿಡಲು ಸಿದ್ಧನಾಗಿದ್ದನು. ಅವಳು ಜಗಲಿಯನ್ನಿಳಿದು ಬಂದಾಗ ಕೈಯಲ್ಲಿ ಹೆಲ್ಮೆಟ್ಟಿದ್ದಿತು. ನೇರವಾಗಿ ಗಾಡಿಯ ಬಳಿಗೆ ಹೋಗಿ, ಹಿಂದಿನ ಚಕ್ರದ ಪಕ್ಕದಲ್ಲಿ ಬಗ್ಗಿ, ಕೆಸರನ್ನು ಬೆರಳಿನಿಂದ ಒರಸಿ ನಾಲ್ಕು ಅಂಕಿಗಳನ್ನು ಓದಿದಳು. ಆಮೇಲೆ ಮುಂದಿನದರ ಬಳಿಗೂ ಹೋಗಿ ಓದಿದಳು.

“ಇನ್ನು ಮೇಲೆ ಇದನ್ನು ನಾನೂ ನೋಡುತ್ತೇನೆ” ಎಂದಳು.

“ನೋಡು” ಎಂದನು ಮಗ. ಹೆಚ್ಚು ಮಾತು ನಡೆಯಲಿಲ್ಲ. ಅವಳು ಹೆಲ್ಮೆಟ್ಟನ್ನು ಧರಿಸಿ ಹಿಂದೆ ಕುಳಿತಳು.

ಹಿರಿಯರು ಅಂಗಳದ ತುದಿಯವರೆಗೆ ಬಂದು ನಿಂತು, ಗಾಡಿಯ ಸದ್ದು ಮಳೆಯ ಸದ್ದಿನಲ್ಲಿ ಕರಗುವವರೆಗೂ ನೋಡಿದರು. ಆ ದಿನ ಅವರು ತೋಟಕ್ಕೆ ಹೋಗಲಿಲ್ಲ. ಕವಳದ ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿಯೇ ಕುಳಿತಿದ್ದರು. ಸುಮಾರು ಎರಡು ಗಂಟೆಯ ತರುವಾಯ ಟೆಲಿಫೋನು ಬಂದಿತು. ಮಾತನಾಡಿದವಳು ಸೊಸೆ:

“ಮಾವಯ್ಯ, ಘಾಟಿ ಇಳಿದೆವು. ಸೋಮೇಶ್ವರದಲ್ಲಿದ್ದೇವೆ. ಕಾಫಿ ಕುಡಿದು ಹೊರಡುತ್ತೇವೆ.”

“ಮಳೆ ಇದೆಯೆ?” ಎಂದು ಹಿರಿಯರು ಕೇಳಿದರು.

“ಬಿಡದೆ ಹೊಯ್ಯುತ್ತಿದೆ” ಎಂದಳು.

“ಸರಿ, ನಿಧಾನ” ಎಂದು ಅವರು ಟೆಲಿಫೋನನ್ನು ಕೆಳಗಿಟ್ಟು, ಕಂಬಳಿಕೊಪ್ಪೆಯನ್ನು ಹೊದೆದು ತೋಟದ ಕಡೆಗೆ ಇಳಿದರು.